ಬಿಸಿಲಿನಲ್ಲಿ ಗಾಳಿ ತೊಳೆಯುವ ಗೋಡೆ

ಅಂಗಡಿಯಲ್ಲಿ ಸಿಗುವ ಬಿಳಿ ಪೇಂಟಿನ ಯಾವ ಡಬ್ಬ ತೆರೆದರೂ ಅದರ ಬಿಳುಪಿಗೆ ಕಾರಣ ಹೆಚ್ಚಾಗಿ ಒಂದೇ ವಸ್ತು, ಟೈಟೇನಿಯಂ ಡೈಆಕ್ಸೈಡ್. ಟೂತ್‌ಪೇಸ್ಟು, ಪ್ಲಾಸ್ಟಿಕ್ ಕುರ್ಚಿ, ನುಣುಪು ಕಾಗದ ಇವುಗಳಲ್ಲೂ ಅದು ಇರುತ್ತದೆ. ನಮ್ಮ ದೇಶದಲ್ಲಿ ಅದರ ದೊಡ್ಡ ಮೂಲ ಕಡಲ ತಡಿಯ ಕಪ್ಪು ಮರಳು. ಕೇರಳದ ಕೊಲ್ಲಂ ಬಳಿಯ ಚವರದ ಮರಳಿನಲ್ಲಿರುವ ಇಲ್ಮನೈಟ್ ಖನಿಜದಿಂದ ಈ ಬಿಳಿ ಪುಡಿ ತಯಾರಾಗುತ್ತದೆ.

ಇದೇ ಪುಡಿಯನ್ನು ತಕ್ಕ ರೂಪದಲ್ಲಿ ಸಿಮೆಂಟಿಗೋ ಬಣ್ಣಕ್ಕೋ ಬೆರೆಸಿದರೆ, ಬಿಸಿಲು ಬಿದ್ದಾಗ ಗೋಡೆಯೇ ಗಾಳಿಯಲ್ಲಿರುವ ಕೆಲವು ವಿಷಾನಿಲಗಳನ್ನು ಮುರಿದುಹಾಕುತ್ತದೆ. ಈ ಮಾತು ನಿಜ. ಆದರೆ ರಾಯಚೂರು ಜಿಲ್ಲೆಯ ಸಿಂಧನೂರಿನಂಥ ಊರಿಗೆ ಅದರಿಂದ ಎಷ್ಟು ಲಾಭ ಎಂಬುದನ್ನು ಬಿಡಿಸಿ ನೋಡಬೇಕು.

ಟೈಟೇನಿಯಂ ಡೈಆಕ್ಸೈಡಿಗೆ ಎರಡು ಮುಖ್ಯ ಹರಳು ರೂಪಗಳಿವೆ. ಒಂದು ರೂಟೈಲ್, ಇನ್ನೊಂದು ಅನಾಟೇಸ್. ಹೊರಗೋಡೆಯ ಪೇಂಟಿಗೆ ಬಳಸುವುದು ರೂಟೈಲ್. ಅದರ ಕಣಕಣಕ್ಕೂ ಸಿಲಿಕಾ, ಅಲ್ಯುಮಿನಾಗಳ ತೆಳು ಹೊದಿಕೆ ಹಾಕಿರುತ್ತಾರೆ. ಹೊದಿಕೆ ಇಲ್ಲದಿದ್ದರೆ ಬಿಸಿಲಿನಲ್ಲಿ ಅದು ಪೇಂಟಿನ ಅಂಟನ್ನೇ ಕೆಡಿಸುತ್ತದೆ, ಗೋಡೆ ಮುಟ್ಟಿದರೆ ಕೈಗೆ ಬಿಳಿ ಹತ್ತುತ್ತದೆ. ಪೇಂಟ್ ತಯಾರಕರಿಗೆ ಪೀಡೆಯಾಗಿದ್ದ ಈ ಗುಣವೇ ಗಾಳಿ ತೊಳೆಯುವವರಿಗೆ ಬೇಕಾದದ್ದು. ಅನಾಟೇಸ್‌ನಲ್ಲಿ ಅದು ಇನ್ನೂ ಜೋರು. ಹಾಗಾಗಿ ಬಿಳಿ ಪೇಂಟು ಬಳಿದ ಗೋಡೆಯೆಲ್ಲ ಗಾಳಿ ತೊಳೆಯುವ ಗೋಡೆ ಎಂದು ತಿಳಿಯಬಾರದು. ಮಾಮೂಲಿ ಪೇಂಟಿನಲ್ಲಿ ಈ ಗುಣವನ್ನು ಬೇಕೆಂದೇ ಅಡಗಿಸಿರುತ್ತಾರೆ.

ಅನಾಟೇಸ್ ಕಣದ ಮೇಲೆ ಸುಮಾರು 387 ನ್ಯಾನೋಮೀಟರಿಗಿಂತ ಕಡಿಮೆ ತರಂಗಾಂತರದ ನೇರಳಾತೀತ ಕಿರಣ ಬಿದ್ದಾಗ ಒಳಗಿನ ಎಲೆಕ್ಟ್ರಾನೊಂದು ಜಿಗಿಯುತ್ತದೆ, ಅದಿದ್ದ ಜಾಗ ಖಾಲಿಯಾಗುತ್ತದೆ. ಖಾಲಿ ಜಾಗವು ಗೋಡೆಯ ಮೇಲಿನ ತೇವದಿಂದ ಎಲೆಕ್ಟ್ರಾನನ್ನು ಕಿತ್ತುಕೊಂಡು ಹೈಡ್ರಾಕ್ಸಿಲ್ ರ‍್ಯಾಡಿಕಲ್ ಎಂಬ ಬಲು ಉಗ್ರ ಕಣವನ್ನು ಹುಟ್ಟಿಸುತ್ತದೆ. ಜಿಗಿದ ಎಲೆಕ್ಟ್ರಾನು ಗಾಳಿಯ ಆಮ್ಲಜನಕವನ್ನು ಸೇರಿ ಇನ್ನೊಂದು ಚುರುಕಾದ ರೂಪ ತಾಳುತ್ತದೆ. ಈ ಎರಡೂ ಸೇರಿ ಹತ್ತಿರ ಬಂದ ಅನಿಲದ ಅಣುವನ್ನು ಉತ್ಕರ್ಷಿಸಿಬಿಡುತ್ತವೆ. ವಾಹನದ ಹೊಗೆಯಲ್ಲಿರುವ ನೈಟ್ರಿಕ್ ಆಕ್ಸೈಡ್ ಮೊದಲು ನೈಟ್ರೋಜನ್ ಡೈಆಕ್ಸೈಡ್ ಆಗಿ, ಆಮೇಲೆ ನೈಟ್ರೇಟ್ ಆಗುತ್ತದೆ. ಸಿಮೆಂಟಿನ ಕ್ಷಾರ ಆ ನೈಟ್ರೇಟನ್ನು ಹಿಡಿದಿಟ್ಟುಕೊಳ್ಳುತ್ತದೆ, ಮಳೆ ಅದನ್ನು ತೊಳೆದೊಯ್ಯುತ್ತದೆ. ಪುಡಿ ಮಾತ್ರ ಖರ್ಚಾಗುವುದಿಲ್ಲ. ಬೆಳಕು ಬಿದ್ದ ಟೈಟೇನಿಯಂ ಡೈಆಕ್ಸೈಡ್ ನೀರನ್ನೇ ಒಡೆಯಬಲ್ಲದು ಎಂದು ಜಪಾನಿನ ಅಕಿರಾ ಫುಜಿಶಿಮಾ ಮತ್ತು ಕೆನಿಚಿ ಹೋಂಡಾ 1972ರಲ್ಲಿ ಪ್ರಕಟಿಸಿದ ಲೇಖನವೇ ಈ ಇಡೀ ವಿದ್ಯೆಗೆ ತಳಪಾಯ.

ಕರ್ನಾಟಕದಲ್ಲಿ ಇದರ ಮೇಲೆ ಗಟ್ಟಿ ಕೆಲಸ ನಡೆದದ್ದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ. ಲೋಹದ ನೈಟ್ರೇಟಿಗೆ ಯೂರಿಯಾದಂಥ ಇಂಧನ ಬೆರೆಸಿ, ಕುಲುಮೆಯಲ್ಲಿ ಭಗ್ಗನೆ ಉರಿಸಿ, ಕೆಲವೇ ನಿಮಿಷಗಳಲ್ಲಿ ನಯವಾದ ಆಕ್ಸೈಡ್ ಪುಡಿ ಪಡೆಯುವ ವಿಧಾನವನ್ನು ಅಲ್ಲಿನ ಕೆ.ಸಿ. ಪಾಟೀಲ ಅವರ ತಂಡ 1988ರಲ್ಲಿ ತೋರಿಸಿಕೊಟ್ಟಿತು. ಅದೇ ದಾರಿಯಲ್ಲಿ ಎಂ.ಎಸ್. ಹೆಗಡೆ ಮತ್ತು ಗಿರಿಧರ್ ಮದ್ರಾಸ್ ಅವರ ತಂಡ ಗ್ಲೈಸಿನ್ ಇಂಧನದಿಂದ ಹತ್ತು ನ್ಯಾನೋಮೀಟರ್ ಆಸುಪಾಸಿನ ಅನಾಟೇಸ್ ಕಣಗಳನ್ನು ತಯಾರಿಸಿತು. ಬಟ್ಟೆಯ ಬಣ್ಣ ಕರಗಿಸಿದ ನೀರಿಗೆ ಅದನ್ನು ಹಾಕಿ ಬಿಸಿಲಿಗಿಟ್ಟರೆ, ಪೇಟೆಯಲ್ಲಿ ಸಿಗುತ್ತಿದ್ದ ಹೆಸರಾಂತ ಪುಡಿಗಿಂತ ಬೇಗ ಆ ಬಣ್ಣ ಮುರಿಯುತ್ತದೆ ಎಂದು 2004ರಲ್ಲಿ ಈ ತಂಡ ವರದಿ ಮಾಡಿತು. ನಮ್ಮ ಬಿಸಿಲನ್ನೇ ನಂಬಿ, ನಮ್ಮ ನೆಲದಲ್ಲೇ ನಡೆದ ಈ ಕೆಲಸ ಕನ್ನಡದ ಶಾಲಾ ಪುಸ್ತಕಗಳಲ್ಲಿ ಇರಬೇಕಾದದ್ದು.

ಗೋಡೆಯ ವಿಷಯಕ್ಕೆ ಬಂದರೆ ರೋಮ್ ನಗರದ ಹೊರವಲಯದಲ್ಲಿ 2003ರಲ್ಲಿ ಮುಗಿದ ಜುಬಿಲಿ ಚರ್ಚು ಜಗತ್ತಿನ ಕಣ್ಣು ಸೆಳೆಯಿತು. ರಿಚರ್ಡ್ ಮೈಯರ್ ವಿನ್ಯಾಸದ ಅದರ ಹಾಯಿಯಂಥ ಬಿಳಿ ಗೋಡೆಗಳಿಗೆ ಇಟಾಲ್‌ಸಿಮೆಂಟಿ ಕಂಪನಿ ಈ ಪುಡಿ ಬೆರೆಸಿದ ಸಿಮೆಂಟು ಒದಗಿಸಿತು. ಗೋಡೆ ಬಿಳಿಯಾಗಿ ಉಳಿಯಲಿ ಎಂಬುದು ಅಲ್ಲಿನ ಮೊದಲ ಆಸೆ. ಗಾಳಿಯೂ ಶುದ್ಧವಾಗುತ್ತದೆ ಎಂಬ ಮಾತು ಜೋರಾದದ್ದು ಆಮೇಲೆ. ನಂತರ ಮೆಕ್ಸಿಕೊ ನಗರದ ಆಸ್ಪತ್ರೆಯೊಂದರ ಮುಂಭಾಗಕ್ಕೆ, ಮಿಲಾನಿನ 2015ರ ವಸ್ತುಪ್ರದರ್ಶನದ ಇಟಲಿ ಮಂಟಪಕ್ಕೆ ಇಂಥದೇ ಹೊದಿಕೆ ಬಂತು.

ಹೊರಗಿನ ಗಾಳಿಯಲ್ಲಿ ಅಳತೆ ಮಾಡಿದಾಗ ಫಲ ಒಂದೇ ತೆರನಾಗಿ ಬರಲಿಲ್ಲ. ನೆದರ್‌ಲ್ಯಾಂಡ್ಸಿನ ಹೆಂಗೆಲೊ ಊರಿನ ಬೀದಿಯೊಂದಕ್ಕೆ ಇಂಥ ನೆಲಹಾಸು ಬ್ಲಾಕ್ ಹಾಕಿದಾಗ ನೈಟ್ರೋಜನ್ ಆಕ್ಸೈಡುಗಳು ದಿನದ ಸರಾಸರಿಯಲ್ಲಿ ಶೇ 19ರಷ್ಟು, ಹವೆ ಎಲ್ಲ ರೀತಿಯಲ್ಲೂ ಅನುಕೂಲವಾಗಿದ್ದಾಗ ಶೇ 45ರಷ್ಟು ಕಡಿಮೆ ಕಂಡವು. ಬ್ರಸೆಲ್ಸ್‌ನ ಲಿಯೋಪೋಲ್ಡ್ ಸುರಂಗದಲ್ಲಿ ಗೋಡೆಗೂ ಚಾವಣಿಗೂ ಈ ಲೇಪ ಹಚ್ಚಿ, ನೇರಳಾತೀತ ದೀಪ ಉರಿಸಿ 2011ರಿಂದ 2013ರವರೆಗೆ ಪರೀಕ್ಷಿಸಿದರು. ಅಲ್ಲಿ ಹೇಳಿಕೊಳ್ಳುವಂಥ ಇಳಿಕೆಯೇ ಸಿಗಲಿಲ್ಲ. ಬ್ರಿಟನ್ನಿನ ಸರ್ಕಾರಿ ವಾಯು ತಜ್ಞರ ಸಮಿತಿ 2016ರಲ್ಲಿ ಈ ಲೇಪಗಳನ್ನು ನಂಬಿ ನಗರದ ಗಾಳಿ ಸುಧಾರಿಸಲು ತಕ್ಕ ಆಧಾರವಿಲ್ಲ ಎಂದಿತು. ಕಾರಣ ಸರಳವಾದದ್ದು. ಗೋಡೆಗೆ ತಾಗಿದ ಅಣು ಮಾತ್ರ ಒಡೆಯುತ್ತದೆ. ಕಾಲುವೆಯ ನಡುವಿನ ನೀರು ದಡದ ಕಲ್ಲನ್ನು ಸೋಕದೆ ಹರಿದುಹೋಗುವಂತೆ, ಬೀದಿಯ ಗಾಳಿಯ ಬಹುಪಾಲು ಗೋಡೆಯನ್ನು ಮುಟ್ಟದೆ ಹೊರಟುಹೋಗುತ್ತದೆ. ಲೇಪದ ಗುಣಮಟ್ಟ ಕಳಪೆಯಾದರೆ ಅದರ ಅಂಟೇ ಮುರಿದು ಫಾರ್ಮಾಲ್ಡಿಹೈಡ್‌ನಂಥ ಹೊಸ ವಿಷ ಹುಟ್ಟುವುದೂ ಉಂಟು.

ಈಗ ಸಿಂಧನೂರಿಗೆ ಬರೋಣ. ಬಿಸಿಲಿನ ಮಟ್ಟಿಗೆ ರಾಯಚೂರು ಜಿಲ್ಲೆ ಯುರೋಪಿನ ಈ ಊರುಗಳಿಗಿಂತ ಎಷ್ಟೋ ಮುಂದಿದೆ. ಒಣ ಹವೆಯೂ ಈ ಕೆಲಸಕ್ಕೆ ಅನುಕೂಲವೇ, ಏಕೆಂದರೆ ಹೆಚ್ಚು ತೇವವಿದ್ದರೆ ನೀರಿನ ಅಣುಗಳೇ ಪುಡಿಯ ಮೇಲೆಲ್ಲ ಕೂತು ಅನಿಲಕ್ಕೆ ಜಾಗ ಬಿಡುವುದಿಲ್ಲ. ಆದರೆ ಇಲ್ಲಿನ ಜನರ ಎದೆಗೆ ಇಳಿಯುವುದು ಏನು? ಎರೆ ಭೂಮಿಯ ಧೂಳು, ಲಿಂಗಸುಗೂರು, ಮಸ್ಕಿ ಕಡೆಯಿಂದ ಬರುವ ಲಾರಿಗಳು ಎಬ್ಬಿಸುವ ಮಣ್ಣು, ಯಂತ್ರದಲ್ಲಿ ಕೊಯ್ದ ಗದ್ದೆಯ ನೆಲ್ಲು ಹುಲ್ಲಿಗೆ ಬೆಂಕಿ ಇಟ್ಟಾಗಿನ ಹೊಗೆ, ರೈಸ್ ಮಿಲ್ಲಿನ ಹೊಟ್ಟಿನ ಬೂದಿ. ಇವೆಲ್ಲ ಹೆಚ್ಚಾಗಿ ಕಣಗಳು. ಟೈಟೇನಿಯಂ ಡೈಆಕ್ಸೈಡಿಗೆ ಮಣ್ಣಿನ ಧೂಳನ್ನಾಗಲಿ ಬೂದಿಯನ್ನಾಗಲಿ ಮುರಿಯುವ ಶಕ್ತಿಯಿಲ್ಲ. ಅಷ್ಟೇ ಅಲ್ಲ, ಧೂಳು ಗೋಡೆಯ ಮೇಲೆ ಕೂತರೆ ಬಿಸಿಲು ಪುಡಿಗೆ ತಲುಪುವುದಿಲ್ಲ. ತೊಳೆಯಲು ಮಳೆಗಾಲದವರೆಗೆ ಕಾಯಬೇಕು. ಈ ಕಾರಣಕ್ಕೆ, ಊರಿನ ಗಾಳಿ ಸುಧಾರಿಸಲೆಂದು ಸಾರ್ವಜನಿಕ ಹಣವನ್ನು ಇಂಥ ದುಬಾರಿ ಲೇಪಕ್ಕೆ ಸುರಿಯುವುದು ಇಲ್ಲಿಗೆ ಸಲ್ಲದು ಎಂದೇ ನನ್ನ ಅಭಿಪ್ರಾಯ.

ಹಾಗಾದರೆ ಕಟ್ಟಡದ ಸಾಮಗ್ರಿಯಿಂದ ಇಲ್ಲಿನ ಗಾಳಿಗೆ ಏನೂ ಆಗದೇ? ಆಗುತ್ತದೆ, ಬೇರೆ ದಾರಿಯಲ್ಲಿ. ನೂರು ಕಿಲೋ ಭತ್ತದಲ್ಲಿ ಸುಮಾರು 20 ಕಿಲೋ ಹೊಟ್ಟು, ಅದನ್ನು ಬಾಯ್ಲರಿನಲ್ಲಿ ಉರಿಸಿದರೆ ಸುಮಾರು 4 ಕಿಲೋ ಬೂದಿ. ಆ ಬೂದಿಯ ಬಹುಪಾಲು ಸಿಲಿಕಾ. ಹದವಾಗಿ ಸುಟ್ಟು ನುಣ್ಣಗೆ ಅರೆದರೆ ಕಾಂಕ್ರೀಟಿನಲ್ಲಿ ಸಿಮೆಂಟಿನ ಒಂದು ಪಾಲನ್ನು ಅದೇ ತುಂಬುತ್ತದೆ. ಬಯಲಲ್ಲಿ ಸುರಿದರೆ ಅದೇ ಬೂದಿ ಗಾಳಿಗೆ ಹಾರಿ ಕಣ್ಣು, ಮೂಗು ಸೇರುತ್ತದೆ. ಕೃಷ್ಣಾ ದಂಡೆಯ ಶಕ್ತಿನಗರದಲ್ಲಿ 1985ರಿಂದ ಉರಿಯುತ್ತಿರುವ ರಾಯಚೂರು ಶಾಖೋತ್ಪನ್ನ ಕೇಂದ್ರದ ಹಾರುಬೂದಿಯದೂ ಇದೇ ಕತೆ. ಇಂಥ ಶಾಖೋತ್ಪನ್ನ ಕೇಂದ್ರಗಳ ಸುತ್ತಲಿನ ಇಟ್ಟಂಗಿ ತಯಾರಕರು ಹಾರುಬೂದಿ ಬಳಸಬೇಕೆಂದು ಕೇಂದ್ರ ಸರ್ಕಾರ 1999ರಲ್ಲೇ ಅಧಿಸೂಚನೆ ಹೊರಡಿಸಿತು. ಮೊದಲು 50 ಕಿಲೋಮೀಟರ್ ಇದ್ದ ವ್ಯಾಪ್ತಿ 2016ರ ಹೊತ್ತಿಗೆ 300 ಕಿಲೋಮೀಟರಿಗೆ ಹಿಗ್ಗಿತು. ಸಿಂಧನೂರು ಅದರೊಳಗೇ ಬರುತ್ತದೆ. ಹಾರುಬೂದಿ, ಸುಣ್ಣ ಅಥವಾ ಸಿಮೆಂಟು, ಮರಳು ಸೇರಿಸಿ ಒತ್ತಿದ ಇಟ್ಟಂಗಿಗೆ ಭಟ್ಟಿ ಬೇಡ, ನೀರುಣಿಸಿದರೆ ಸಾಕು. ಹಾರಬೇಕಾದ ಬೂದಿ ಗೋಡೆಯೊಳಗೆ ಸೆರೆಯಾಯಿತು, ಭಟ್ಟಿಯ ಹೊಗೆಯೂ ತಪ್ಪಿತು. ಈ ಊರಿನಲ್ಲಿ ಗಾಳಿಗೆ ಹೆಚ್ಚು ಉಪಕಾರ ಮಾಡುವ ಗೋಡೆ ಇದೇ.

ಟೈಟೇನಿಯಂ ಲೇಪಕ್ಕೂ ತನ್ನದೇ ಜಾಗವಿದೆ. ಬಿಸಿಲಿಗೆ ಒಡ್ಡಿಕೊಂಡ ಅನಾಟೇಸ್ ಮೇಲೆ ನೀರು ಹನಿಯಾಗಿ ನಿಲ್ಲದೆ ಹಾಳೆಯಂತೆ ಹರಡಿ ಕೊಳೆಯನ್ನು ಜಾರಿಸುತ್ತದೆ. ಈ ಗುಣ ನಂಬಿ 2001ರಿಂದ ತಾನೇ ಶುಚಿಯಾಗುವ ಕಿಟಕಿ ಗಾಜು ಮಾರಾಟಕ್ಕೆ ಬಂದಿದೆ. ಲೇಪವನ್ನು ಸ್ಪ್ರೇ ಮಾಡುವವರು ಮಾತ್ರ ಒಳ್ಳೆಯ ಮಾಸ್ಕ್ ಹಾಕಿಕೊಳ್ಳಲೇಬೇಕು. ಟೈಟೇನಿಯಂ ಡೈಆಕ್ಸೈಡಿನ ಧೂಳು ಉಸಿರಿಗೆ ಹೋದರೆ ಮನುಷ್ಯರಲ್ಲಿ ಕ್ಯಾನ್ಸರ್ ತರುವ ಸಾಧ್ಯತೆ ಇದೆ ಎಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ವರ್ಗೀಕರಿಸಿದೆ.

ಗಾಳಿ ಶುದ್ಧಿ ಮಾಡುತ್ತದೆ ಎಂದು ಯಾರಾದರೂ ಟೈಲ್ಸು, ಪೇಂಟು ಮಾರಲು ಬಂದರೆ ಐಎಸ್ಒ 22197-1 ಪರೀಕ್ಷೆಯ ಫಲಿತಾಂಶ ಕೇಳಿ. ನೈಟ್ರಿಕ್ ಆಕ್ಸೈಡನ್ನು ಎಷ್ಟು ತೆಗೆಯುತ್ತದೆಂದು ಅಳೆಯುವ ಪ್ರಮಾಣಿತ ವಿಧಾನ ಅದು. ಹೈಸ್ಕೂಲಿನ ಪ್ರಯೋಗಾಲಯದಲ್ಲಿ ಇನ್ನೂ ಸುಲಭದ ದಾರಿಯಿದೆ. ಲೇಪವಿರುವ ಎರಡು ತುಂಡು, ಲೇಪವಿಲ್ಲದ ಒಂದು ತುಂಡು ತೆಗೆದುಕೊಂಡು ಮೂರಕ್ಕೂ ತೆಳುವಾದ ಮೆಥಿಲೀನ್ ನೀಲಿ ದ್ರಾವಣವನ್ನು ಸಮನಾಗಿ ಹಚ್ಚಿ. ಲೇಪವಿರುವ ಒಂದನ್ನು ಕತ್ತಲ ಪೆಟ್ಟಿಗೆಯಲ್ಲಿಟ್ಟು ಉಳಿದೆರಡನ್ನು ಮಧ್ಯಾಹ್ನದ ಬಿಸಿಲಿಗೆ ಇಡಿ. ಬಿಸಿಲಿಗೆ ನೀಲಿ ತಾನಾಗಿಯೂ ಸ್ವಲ್ಪ ಮಾಸುತ್ತದೆ, ಅದಕ್ಕೇ ಲೇಪವಿಲ್ಲದ ತುಂಡು ಬೇಕು. ಬಿಸಿಲಿನಲ್ಲಿದ್ದ ಲೇಪದ ತುಂಡು ಮಿಕ್ಕ ಎರಡಕ್ಕಿಂತ ಎದ್ದು ಕಾಣುವಷ್ಟು ಬೇಗ ಬಿಳಚಿದರೆ ಅದರಲ್ಲಿ ಕೆಲಸ ಮಾಡುವ ಪುಡಿ ಇದೆ ಎಂದರ್ಥ.