ನಿಶ್ಚಿತಾರ್ಥದ ಉಂಗುರ: ‘ಎಮರಾಲ್ಡ್ ಕಟ್’ ಕಲ್ಲು ಮತ್ತು ಅಂಗಡಿಯ ಬಿಲ್ಲು

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ತಾಲ್ಲೂಕುಗಳಲ್ಲಿ ನಿಶ್ಚಿತಾರ್ಥವೆಂದರೆ ಹಿಂದೆ ಎಲೆ-ಅಡಿಕೆ, ಕುಬುಸ ಮತ್ತು ಹಿರಿಯರ ಮಾತು, ಇಷ್ಟೇ ಆಗಿತ್ತು. ಇಂದು ವಧೂವರರು ಪರಸ್ಪರ ಉಂಗುರ ತೊಡಿಸುವುದೂ ಶಾಸ್ತ್ರದ ಸಾಲಿಗೆ ಸೇರಿದೆ. ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವ ಮಕ್ಕಳು ಮೊಬೈಲಿನಲ್ಲಿ ಚಿತ್ರ ತೋರಿಸಿ ‘ಎಮರಾಲ್ಡ್ ಕಟ್ ಬೇಕು’ ಎಂದಾಗ, ತಂದೆ ತಾಯಿಗಳು ಪಚ್ಚೆ ಕಲ್ಲಿನ ಉಂಗುರವೆಂದೇ ತಿಳಿಯುವುದುಂಟು. ನಮ್ಮ ವರ್ತಕ ಮಿತ್ರರಲ್ಲಿ ಕೆಲವರೂ ಹಾಗೆಯೇ ತಿಳಿದು ಹಸಿರು ಕಲ್ಲಿನ ತಟ್ಟೆ ತೆಗೆದಿಡುತ್ತಾರೆ.

ಎಮರಾಲ್ಡ್ ಕಟ್ ಎಂಬುದು ಕಲ್ಲಿನ ಹೆಸರಲ್ಲ, ಕಲ್ಲನ್ನು ಕಡೆಯುವ ಬಗೆಯ ಹೆಸರು. ಪಚ್ಚೆಯು ಒಳಬಿರುಕುಗಳಿರುವ, ಏಟು ತಾಳದ ಹರಳು. ಅದರ ಚೂಪು ಮೂಲೆಗಳು ಒಡೆಯದಿರಲೆಂದು ಮೂಲೆಗಳನ್ನು ಮೊದಲೇ ಕತ್ತರಿಸಿ ಆಯತಾಕಾರಕ್ಕೆ ತರುವ ಪದ್ಧತಿ ಬೆಳೆಯಿತು. ತರುವಾಯ ಅದೇ ಆಕಾರ ವಜ್ರಕ್ಕೂ ಬಂದಿತು. ಹಂಪಿಯ ಪುಷ್ಕರಣಿಯನ್ನು ಮೇಲಿನಿಂದ ನೋಡಿದವರಿಗೆ ಇದನ್ನು ವಿವರಿಸುವುದು ಸುಲಭ. ಅಂಚಿನಿಂದ ಒಳಕ್ಕೆ ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ಸಮಾನಾಂತರ ಮುಖಗಳು, ನಡುವೆ ವಿಶಾಲವಾದ ತಿಳಿನೀರಿನಂತಹ ಮೇಲ್ಮೈ.

ದುಂಡು ವಜ್ರದ 57-58 ಸಣ್ಣ ಮುಖಗಳು ಬೆಳಕನ್ನು ಚೂರುಚೂರಾಗಿ ಚೆಲ್ಲುವುದರಿಂದ ಒಳಗಿನ ಸಣ್ಣ ದೋಷಗಳು ಆ ಮಿನುಗಿನಲ್ಲಿ ಮರೆಯಾಗುತ್ತವೆ. ಎಮರಾಲ್ಡ್ ಕಟ್‌ಗೆ ಆ ರಕ್ಷಣೆಯಿಲ್ಲ. ಚುಕ್ಕೆ, ಗೆರೆ, ಹಳದಿ ಛಾಯೆ ಎಲ್ಲವೂ ಬರಿಗಣ್ಣಿಗೇ ಕಾಣಸಿಗುವ ಸಂಭವ ಹೆಚ್ಚು. ಆದಕಾರಣ ಈ ಆಕಾರದಲ್ಲಿ ನಿರ್ಮಲತೆಯು ‘ವಿಎಸ್2’ ದರ್ಜೆಗಿಂತ ಕೆಳಗಿರದಂತೆ ನೋಡಿಕೊಳ್ಳುವುದು ಲೇಸು. ಇದು ಅದೇ ತೂಕದ ದುಂಡು ಕಲ್ಲಿಗಿಂತ ದೊಡ್ಡದಾಗಿ ತೋರುವುದರಿಂದ, ತೂಕದಲ್ಲಿ ತುಸು ಇಳಿದು ನಿರ್ಮಲತೆಯಲ್ಲಿ ಏರುವುದೇ ನನ್ನ ಸಲಹೆ. ಉದ್ದವು ಅಗಲದ 1.3ರಿಂದ 1.5 ಪಟ್ಟು ಇದ್ದರೆ ಬೆರಳಿಗೆ ಒಪ್ಪುತ್ತದೆ. 7 ಮಿ.ಮೀ. ಉದ್ದ, 5 ಮಿ.ಮೀ. ಅಗಲದ ಕಲ್ಲು ಇದಕ್ಕೆ ನಿದರ್ಶನ. ಜಿಐಎ ಅಥವಾ ಐಜಿಐ ಪ್ರಮಾಣಪತ್ರವನ್ನು ಕೇಳಿ ಪಡೆಯಬೇಕು. ಕಲ್ಲಿನ ಅಂಚಿನಲ್ಲಿ ಲೇಸರಿನಿಂದ ಕೊರೆದ ಸಂಖ್ಯೆಯಿದ್ದಲ್ಲಿ ಭೂತಗನ್ನಡಿಯಲ್ಲಿ ಹೋಲಿಸಿ ನೋಡತಕ್ಕದ್ದು.

ನಮ್ಮ ಸೀಮೆಗೆ ವಜ್ರದ ಲೆಕ್ಕ ಹೊಸದೇನಲ್ಲ. 16ನೇ ಶತಮಾನದಲ್ಲಿ ವಿಜಯನಗರದಲ್ಲಿದ್ದ ಪೋರ್ಚುಗೀಸ್ ಕುದುರೆ ವ್ಯಾಪಾರಿ ಫೆರ್ನಾವ್ ನೂನಿಜ್, 20 ಮಾಂಗೆಲಿನ್ ತೂಕವನ್ನು ಮೀರಿದ ವಜ್ರಗಳು ಅರಸನ ಬೊಕ್ಕಸಕ್ಕೆ ಸಲ್ಲಬೇಕಿತ್ತೆಂದು ಬರೆದಿದ್ದಾನೆ. ಇಂದಿನ ಅಳತೆ ಕ್ಯಾರೆಟ್. ಒಂದು ಕ್ಯಾರೆಟ್ ಎಂದರೆ 0.200 ಗ್ರಾಂ. ಚಿನ್ನದ ಶುದ್ಧತೆಯನ್ನು ಹೇಳುವ ಕ್ಯಾರೆಟ್ ಬೇರೆ. ಈ ಎರಡರ ಗೊಂದಲದಲ್ಲಿಯೇ ಬಿಲ್ಲಿನ ತಕರಾರು ಹುಟ್ಟುವುದು.

ತಕ್ಕಡಿಯಲ್ಲಿ ಉಂಗುರ 4.200 ಗ್ರಾಂ ತೂಗಿತೆನ್ನೋಣ. ಅದರಲ್ಲಿ ಒಂದು ಕ್ಯಾರೆಟ್ ಕಲ್ಲಿದ್ದರೆ ಚಿನ್ನ 4.000 ಗ್ರಾಂ ಮಾತ್ರ. ಅದು 18 ಕ್ಯಾರೆಟ್, ಅಂದರೆ ‘750’ ಗುರುತಿನ ಚಿನ್ನವಾಗಿದ್ದರೆ ಶುದ್ಧ ಬಂಗಾರ 3.000 ಗ್ರಾಂ. ಒಟ್ಟು ತೂಕಕ್ಕೆಲ್ಲ ಚಿನ್ನದ ದರ ಹಾಕಿ, ಕಲ್ಲಿಗೆ ಪ್ರತ್ಯೇಕ ಬೆಲೆ ಹಾಕಿದರೆ ಗ್ರಾಹಕನು ಆ 0.200 ಗ್ರಾಂಗೆ ಎರಡು ಸಲ ಹಣ ತೆತ್ತಂತಾಗುವುದು. ಹಾಲ್‌ಮಾರ್ಕ್ ಆಭರಣದ ಬಿಲ್ಲಿನಲ್ಲಿ ಚಿನ್ನದ ನಿವ್ವಳ ತೂಕ, ಶುದ್ಧತೆ, ಹಾಲ್‌ಮಾರ್ಕ್ ಶುಲ್ಕ ಇವನ್ನು ಬೇರೆಬೇರೆಯಾಗಿ ನಮೂದಿಸಬೇಕೆಂಬುದು ನಿಯಮ. ಕಲ್ಲಿನ ತೂಕ, ಅದರ ಬೆಲೆ, ಕೂಲಿ ಇವನ್ನೂ ಹಾಗೆಯೇ ಬರೆಸಿಕೊಳ್ಳಬೇಕು. 2023ರ ಏಪ್ರಿಲ್ 1ರಿಂದ ಹಾಲ್‌ಮಾರ್ಕ್ ಎಂದರೆ ಆರು ಅಕ್ಷರ-ಅಂಕಿಗಳ ಎಚ್‌ಯುಐಡಿ ಇರತಕ್ಕದ್ದು. ಅದನ್ನು ‘ಬಿಐಎಸ್ ಕೇರ್’ ಆ್ಯಪ್‌ನಲ್ಲಿ ಯಾರಾದರೂ ಪರಿಶೀಲಿಸಬಹುದು. ಎರಡು ಗ್ರಾಂಗಿಂತ ಕಡಿಮೆಯ ಆಭರಣಕ್ಕೆ ವಿನಾಯಿತಿ ಇರುವುದರಿಂದ ಹಗುರ ಉಂಗುರ ಕೊಳ್ಳುವವರು ಇನ್ನಷ್ಟು ಜಾಗರೂಕರಾಗಿರಬೇಕು.

ಇಷ್ಟು ಕಟ್ಟುನಿಟ್ಟು ಏಕೆಂದರೆ, ಮಳೆಯನ್ನೇ ನಂಬಿದ ನಮ್ಮ ತಾಲ್ಲೂಕುಗಳಲ್ಲಿ ಚಿನ್ನವು ಬರಗಾಲದ ಆಪದ್ಧನ. ಶೇಂಗಾ ಅಥವಾ ಮೆಕ್ಕೆಜೋಳ ಕೈಕೊಟ್ಟ ವರ್ಷ ಮನೆಯ ಒಡವೆ ಬ್ಯಾಂಕಿಗೆ ಹೋಗುತ್ತದೆ. ಅಲ್ಲಿ ಸಾಲಕ್ಕೆ ಲೆಕ್ಕ ಹಿಡಿಯುವುದು ಚಿನ್ನವನ್ನಷ್ಟೇ. ಕಲ್ಲಿಗೂ ಕೂಲಿಗೂ ಬೆಲೆಯಿಲ್ಲ. ಹೀಗಾಗಿ ಕಲ್ಲಿಗೆ ಹಾಕಿದ ಹಣವನ್ನು ಉಳಿತಾಯವೆಂದು ಬರೆಯದೆ, ಊಟದ ಖರ್ಚು, ಶಾಮಿಯಾನದ ಖರ್ಚಿನಂತೆ ಖರ್ಚೆಂದೇ ಬರೆದುಕೊಳ್ಳಬೇಕು. ಈ ದೃಷ್ಟಿಯಿಂದ ಪ್ರಯೋಗಾಲಯದಲ್ಲಿ ಬೆಳೆಸಿದ ವಜ್ರವನ್ನು ನಾನು ಕೀಳೆಂದು ಹೇಳಲಾರೆ. ಅದೂ ಇಂಗಾಲವೇ, ಗಣಿಯ ವಜ್ರಕ್ಕಿಂತ ಬಹಳ ಅಗ್ಗ, ಬೆಲೆ ಇಳಿಯುತ್ತಲೂ ಬಂದಿದೆ. ಬರಿಗಣ್ಣಿಗೆ ವ್ಯತ್ಯಾಸ ತಿಳಿಯದ ಕಾರಣ ಬಿಲ್ಲಿನಲ್ಲಿ ಆ ಮಾತು ಸ್ಪಷ್ಟವಾಗಿ ಇರಲೇಬೇಕು.

ನಿಜವಾದ ಪಚ್ಚೆಯನ್ನೇ ಬಯಸುವವರಿಗೆ ಒಂದು ಮಾತು. ನಿತ್ಯ ಜೋಳದ ರೊಟ್ಟಿ ಬಡಿಯುವ ಕೈಗೆ ಪಚ್ಚೆ ಬಾಳಿಕೆಯ ಕಲ್ಲಲ್ಲ. ಬಹುತೇಕ ಪಚ್ಚೆಗಳ ಬಿರುಕಿಗೆ ಎಣ್ಣೆ ತುಂಬಿರುತ್ತಾರೆ; ಬಿಸಿನೀರು, ಸೋಪು ಅದಕ್ಕೆ ಆಗದು. ವಜ್ರವಾದರೂ ನಾಲ್ಕು ಮೂಲೆಯ ಹಿಡಿಗಳ ಸಂದಿಯಲ್ಲಿ ಹಿಟ್ಟು ಸೇರುತ್ತದೆ. ಸುತ್ತಲೂ ಚಿನ್ನದ ಅಂಚು ಕಟ್ಟಿಸಿದರೆ ಈ ತೊಂದರೆ ಕಡಿಮೆ. 22 ಕ್ಯಾರೆಟ್ ಚಿನ್ನ ಮೃದುವಾದ್ದರಿಂದ ಕಲ್ಲಿನ ಹಿಡಿತಕ್ಕೆ 18 ಕ್ಯಾರೆಟ್ಟೇ ಯೋಗ್ಯ.

ತೆರಿಗೆಯ ವಿಷಯಕ್ಕೆ ಬಂದರೆ, ಸಿದ್ಧ ಉಂಗುರಕ್ಕೆ ಜಿಎಸ್‌ಟಿ ಶೇ 3. ಬೆಳೆ ಮಾರಿದ ನಗದು ಹಣದೊಂದಿಗೆ ಬರುವ ಗ್ರಾಹಕರಿಂದ ಒಂದೇ ಸಮಾರಂಭದ ಖರೀದಿಗೆ 2 ಲಕ್ಷ ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ನಗದನ್ನು ಪಡೆಯುವುದು 2017ರಿಂದ ನಿಷಿದ್ಧ. ಬಿಲ್ಲುಗಳನ್ನು ಒಡೆದು ಬರೆದ ಮಾತ್ರಕ್ಕೆ ಪಾರಾಗಲಾಗದು. ಪಡೆದ ಮೊತ್ತದಷ್ಟೇ ದಂಡ ಬೀಳುವುದು ಕೊಟ್ಟವರ ಮೇಲಲ್ಲ, ಪಡೆದ ವರ್ತಕನ ಮೇಲೆ.

ಹರಪನಹಳ್ಳಿಯವರು ದಾವಣಗೆರೆಗೆ, ಹಗರಿಬೊಮ್ಮನಹಳ್ಳಿಯವರು ಹೊಸಪೇಟೆಗೆ ಉಂಗುರಕ್ಕಾಗಿ ಹೋಗುತ್ತಿದ್ದಾರೆಂದು ನಮ್ಮ ಅಂಗಡಿಕಾರರು ಕೊರಗುವುದುಂಟು. ಇಂತಹ ಕಲ್ಲುಗಳನ್ನು ಬಂಡವಾಳ ಹಾಕಿ ದಾಸ್ತಾನು ಮಾಡಬೇಕಾದ ಅಗತ್ಯವಿಲ್ಲ. ಮುಂಬಯಿ, ಸೂರತ್ತಿನ ಸಗಟು ವ್ಯಾಪಾರಿಗಳಿಂದ ಪ್ರಮಾಣಪತ್ರ ಸಹಿತ ಕಲ್ಲನ್ನು ‘ಜಾಂಗಡ’ದ ಮೇಲೆ, ಅಂದರೆ ಒಪ್ಪಿಗೆಯಾದರೆ ಮಾತ್ರ ಕೊಳ್ಳುವ ಕರಾರಿನ ಮೇಲೆ, ತರಿಸಿ ಎರಡೂ ಕಡೆಯ ಬೀಗರಿಗೆ ತೋರಿಸಬಹುದು. ಕಲ್ಲಿನ ಜೊತೆ ಡೆಲಿವರಿ ಚಲನ್ ಇರಬೇಕು. ಕಳುಹಿಸಿದ ದಿನದಿಂದ ಆರು ತಿಂಗಳೊಳಗೆ ಒಪ್ಪಿಗೆಯಾದರೆ ಆಗಲೇ ಬಿಲ್ಲು ಆಗಬೇಕು, ಇಲ್ಲವೇ ಕಲ್ಲು ಹಿಂತಿರುಗಬೇಕು. ಆರು ತಿಂಗಳು ಮೀರಿ ಅದು ನಮ್ಮ ಪೆಟ್ಟಿಗೆಯಲ್ಲೇ ಉಳಿದರೆ, ಮಾರಾಟವಾಗದಿದ್ದರೂ ಕಳುಹಿಸಿದವರು ನಮ್ಮ ಹೆಸರಿಗೆ ಬಿಲ್ಲು ಮಾಡಲೇಬೇಕಾಗುತ್ತದೆ.