ಹರಕೆಯೂ ಹಕ್ಕೂ

ಮನುಷ್ಯನು ತಾನು ಯಾರೆಂಬುದನ್ನು ಏಕಾಂತದಲ್ಲಿ ಕುಳಿತು ನಿರ್ಣಯಿಸಿಕೊಳ್ಳುವುದಿಲ್ಲ. ಅವನು ಹುಟ್ಟಿದ ಮನೆಯ ದೇವರು, ಅವನ ದೇಹದ ಪ್ರಕೃತಿ, ಅವನ ಕುಲದವರು ಊರಿನ ಯಾವ ಅಂಚಿನಲ್ಲಿ ಯಾವ ಕಾರಣದಿಂದ ನೆಲಸಬೇಕಾಯಿತೆಂಬ ಚರಿತ್ರೆ, ಈ ಮೂರೂ ಅವನು ಬಾಯಿ ತೆರೆಯುವ ಮೊದಲೇ ಅವನ ಪರವಾಗಿ ಮಾತನಾಡಿಬಿಟ್ಟಿರುತ್ತವೆ. ಧರ್ಮವನ್ನು ಧರ್ಮವೆಂದೂ, ಕಾಮವನ್ನು ಕಾಮವೆಂದೂ, ಜಾತಿಯನ್ನು ಜಾತಿಯೆಂದೂ ಬೇರೆ ಬೇರೆ ಕಪಾಟುಗಳಲ್ಲಿಟ್ಟು ಅಧ್ಯಯನ ಮಾಡುವುದು ಪಂಡಿತರಿಗೆ ಸುಲಭವಾದರೂ, ಬದುಕಿನಲ್ಲಿ ಅವು ಒಂದರೊಳಗೊಂದು ಹೆಣೆದುಕೊಂಡೇ ಇರುವುವೆಂಬುದನ್ನು ಅರಿಯಲು ಶಿವಮೊಗ್ಗ ನಗರ, ಭದ್ರಾವತಿ ಮತ್ತು ಅವುಗಳ ಸುತ್ತಣ ಮಲೆನಾಡಿನ ಸೆರಗಿಗಿಂತ ಉತ್ತಮವಾದ ಕ್ಷೇತ್ರವನ್ನು ನಾನು ಕಾಣೆನು.

ಎರಡು ವರ್ಷಕ್ಕೊಮ್ಮೆ ಶಿವಮೊಗ್ಗದಲ್ಲಿ ಕೋಟೆ ಮಾರಿಕಾಂಬೆಯ ಜಾತ್ರೆ ನಡೆಯುತ್ತದೆ. ದೇವಿಯನ್ನು ಮೊದಲು ಗಾಂಧಿ ಬಜಾರಿನ ತವರುಮನೆಯಲ್ಲಿ ಕೂರಿಸಿ, ಮಡಿಲು ತುಂಬಿ, ಬಳಿಕ ಮೆರವಣಿಗೆಯಲ್ಲಿ ಕೋಟೆಯ ಗದ್ದುಗೆಗೆ ಕರೆದೊಯ್ಯುವಾಗ ನಗರದ ಎಲ್ಲ ಕುಲದವರೂ ಬೀದಿಗಿಳಿಯುತ್ತಾರೆ. ಆದರೆ ಮಾರಿಯ ಬಗ್ಗೆ ಕನ್ನಡ ನಾಡಿನ ಉದ್ದಗಲಕ್ಕೂ ಹಬ್ಬಿರುವ ಕಥೆ ಅಷ್ಟು ಸೌಮ್ಯವಾದುದಲ್ಲ. ಅಸ್ಪೃಶ್ಯ ಕುಲದ ಯುವಕನೊಬ್ಬ ತನ್ನ ಹುಟ್ಟನ್ನು ಮುಚ್ಚಿಟ್ಟು ಬ್ರಾಹ್ಮಣ ಕನ್ಯೆಯನ್ನು ವರಿಸುತ್ತಾನೆ, ಮಕ್ಕಳಾಗುತ್ತವೆ, ಮಗನ ಮನೆಗೆ ಬಂದ ತಾಯಿ, ಸೊಸೆ ಬಡಿಸಿದ ಸಿಹಿಯನ್ನು ಬಾಯಿಗಿಟ್ಟು, ಇದು ಸುಟ್ಟ ಕೋಣನ ನಾಲಗೆಯಂತೆಯೇ ಇದೆಯಲ್ಲ ಎಂದುಬಿಡುತ್ತಾಳೆ. ಆ ಒಂದು ಮಾತಿನಿಂದ ಗುಟ್ಟು ಬಯಲಾಗಿ, ರೋಷದಿಂದ ಉರಿದ ಹೆಣ್ಣು ಮನೆಗೆ ಕಿಚ್ಚಿಟ್ಟು, ಕೋಣನೊಳಗೆ ಅಡಗಿದ ಗಂಡನನ್ನು ಕೊಂದು ಮಾರಿಯಾಗುತ್ತಾಳೆ. ಬಲಿಗೆ ನಿಲ್ಲುವ ಕೋಣನನ್ನು ದೇವಿಯ ಗಂಡನೆಂದು ಕರೆಯುವುದು ಇದರಿಂದಲೇ. ದೇವರ ಹೆಸರಿನ ಪ್ರಾಣಿಬಲಿಯನ್ನು 1959ರ ಕಾನೂನು ನಿಷೇಧಿಸಿತು. ಆದರೆ ಕಥೆಯು ಜನಮನದಲ್ಲಿ ಉಳಿದಿದೆ, ಮತ್ತು ಜಾತಿಯ ಎಲ್ಲೆಯನ್ನು ದಾಟಿದ ದಾಂಪತ್ಯಕ್ಕೆ ಬೆಂಕಿಯೇ ಗತಿಯೆಂಬ ಎಚ್ಚರಿಕೆಯನ್ನು ಭಕ್ತಿಯ ಜೊತೆಯಲ್ಲಿಯೇ ಮುಂದಿನ ತಲೆಮಾರಿಗೆ ದಾಟಿಸುತ್ತಲೂ ಇದೆ.

1916ರಲ್ಲಿ, ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದ ತರುಣ ಭೀಮರಾವ್ ಅಂಬೇಡ್ಕರರು ಭಾರತದ ಜಾತಿಗಳ ಕುರಿತು ಮಂಡಿಸಿದ ಪ್ರಬಂಧದಲ್ಲಿ, ಜಾತಿಯ ಪ್ರಾಣವಿರುವುದು ಕುಲದೊಳಗೇ ವಿವಾಹವಾಗಬೇಕೆಂಬ ಕಟ್ಟಳೆಯಲ್ಲಿಯೆಂದೂ, ಸಹಗಮನ, ಬಲವಂತದ ವೈಧವ್ಯ, ಬಾಲ್ಯವಿವಾಹಗಳು ಆ ಕಟ್ಟಳೆಯನ್ನು ಕಾಯಲೆಂದೇ ಹುಟ್ಟಿದ ಉಪಾಯಗಳೆಂದೂ ತೋರಿಸಿಕೊಟ್ಟರು. ಸಮುದಾಯವೊಂದು ತನ್ನ ಗಡಿಯನ್ನು ಕಾಯುವುದು ಹೆಣ್ಣಿನ ಒಲವನ್ನು ಕಾಯುವುದರ ಮೂಲಕವೆಂಬ ಈ ಸತ್ಯವನ್ನು ನಮ್ಮ ಮಾರಿಯ ಕಥೆ ತನ್ನದೇ ಭೀಕರ ಭಾಷೆಯಲ್ಲಿ ಬಹು ಹಿಂದಿನಿಂದಲೂ ಹೇಳುತ್ತಿದೆ.

ಇದೇ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಚಂದ್ರಗುತ್ತಿಯಲ್ಲಿ, ವಿಜಯನಗರದ ಕಾಲದಲ್ಲಿ ಒಂದು ಪ್ರಾಂತ್ಯಕ್ಕೇ ಹೆಸರಾಗಿದ್ದ ಕೋಟೆಬೆಟ್ಟದ ಗುಹೆಯೊಳಗೆ ರೇಣುಕಾಂಬೆ ನೆಲಸಿದ್ದಾಳೆ. ಸವದತ್ತಿಯ ಎಲ್ಲಮ್ಮನೂ ಇವಳೇ. ಜಮದಗ್ನಿಯ ಪತ್ನಿಯಾದ ರೇಣುಕೆಯ ಚಿತ್ತ ಒಂದು ಕ್ಷಣ ಪರಪುರುಷನತ್ತ ಹರಿದುದಕ್ಕೆ ಋಷಿಯು ಅವಳ ಶಿರಚ್ಛೇದಕ್ಕೆ ಆಜ್ಞಾಪಿಸಿದನೆಂದೂ, ಕೊಡಲಿ ಹಿಡಿದು ಬೆನ್ನಟ್ಟಿದ ಮಗ ಪರಶುರಾಮನಿಂದ ತಪ್ಪಿಸಿಕೊಳ್ಳಲು ಉಟ್ಟ ವಸ್ತ್ರದ ಪರಿವೆಯೂ ಇಲ್ಲದೆ ಓಡಿಬಂದ ತಾಯಿ ಈ ಗುಹೆಯನ್ನು ಹೊಕ್ಕಳೆಂದೂ ಸ್ಥಳೀಯರು ಹೇಳುತ್ತಾರೆ. ಆ ನೆನಪಿನಲ್ಲಿಯೇ ಬೆತ್ತಲೆ ಸೇವೆ ಬೆಳೆದುಬಂದಿತು: ಮಗುವಾಗಲೆಂದೋ, ರೋಗ ನೀಗಲೆಂದೋ ಹರಕೆ ಹೊತ್ತ ಗಂಡಸರು, ಹೆಂಗಸರು, ಮಕ್ಕಳು ವರದಾ ನದಿಯಲ್ಲಿ ಮಿಂದು, ಬೇವಿನ ಸೊಪ್ಪನ್ನು ಹಿಡಿದು, ಮೈಮೇಲೆ ಬಟ್ಟೆಯಿಲ್ಲದೆ ಉಧೋ ಉಧೋ ಎನ್ನುತ್ತ ಗುಡಿಯವರೆಗೆ ಸಾಗುತ್ತಿದ್ದರು. ಹೀಗೆ ಬಂದವರಲ್ಲಿ ಬಹುಪಾಲು ದಲಿತರು ಮತ್ತು ಹಿಂದುಳಿದ ಕುಲಗಳ ಬಡವರು. ವೈದ್ಯನೂ ವಕೀಲನೂ ದೂರವಾಗಿದ್ದ ಜನಕ್ಕೆ ಹರಕೆಯೊಂದೇ ಕೈಗೆಟುಕುವ ಕರಾರಾಗಿತ್ತೆಂಬುದನ್ನು ಮರೆತರೆ ಅವರ ಭಕ್ತಿಯ ಆಳ ನಮಗೆ ತಿಳಿಯದು.

ಈ ಸೇವೆಯನ್ನು ಪ್ರಶ್ನಿಸಿದ ದನಿ ಯಾವ ಮಠದಿಂದಲೂ ಹೊರಡಲಿಲ್ಲ. ಅದು ಹೊರಟಿದ್ದು ಭದ್ರಾವತಿಯಿಂದ. ಬೆಂಕಿಪುರವೆಂಬ ಹಳೆಯ ಹೆಸರಿನ ಈ ಊರು, 13ನೆಯ ಶತಮಾನದ ಲಕ್ಷ್ಮೀನರಸಿಂಹ ದೇಗುಲದ ಸುತ್ತ ಹೊಳೆಯ ದಂಡೆಯಲ್ಲಿ ಶಾಂತವಾಗಿದ್ದುದು, 1923ರಲ್ಲಿ ಮೈಸೂರು ಸಂಸ್ಥಾನದ ಕಬ್ಬಿಣದ ಕಾರ್ಖಾನೆ ಕೆಲಸ ಆರಂಭಿಸಿದ ಮೇಲೆ, ಬಳಿಕ ಕಾಗದದ ಕಾರ್ಖಾನೆಯೂ ಬಂದ ಮೇಲೆ, ನಾನಾ ಸೀಮೆಗಳ, ನಾನಾ ಭಾಷೆಗಳ ದುಡಿಮೆಗಾರರ ಪಟ್ಟಣವಾಯಿತು. ಹಳ್ಳಿಯಲ್ಲಿ ಒಡೆಯನ ಅಂಗಳಕ್ಕೆ ಕಟ್ಟುಬಿದ್ದಿದ್ದವನಿಗೆ ಇಲ್ಲಿ ತಿಂಗಳ ಸಂಬಳ ದೊರೆಯಿತು. ಅವನ ಮಗನಿಗೆ ಶಾಲೆಯೂ ಕಾಲೇಜೂ ದೊರೆತವು. ಇಲ್ಲಿಯ ಸರ್ ಎಂ. ವಿಶ್ವೇಶ್ವರಯ್ಯ ಕಾಲೇಜಿನಲ್ಲಿ ಕನ್ನಡ ಕಲಿಸುತ್ತಿದ್ದ, ಹರಿಹರದಲ್ಲಿ ಹುಟ್ಟಿದ ಪ್ರೊಫೆಸರ್ ಬಿ. ಕೃಷ್ಣಪ್ಪನವರ ಮುಂದಾಳತನದಲ್ಲಿ 1970ರ ದಶಕದ ಮಧ್ಯಭಾಗದಲ್ಲಿ ದಲಿತ ಸಂಘರ್ಷ ಸಮಿತಿ ರೂಪುಗೊಂಡಿತು. ಭೂಮಿ, ಕೂಲಿ, ದೌರ್ಜನ್ಯಗಳ ಪ್ರಶ್ನೆಗಳೊಂದಿಗೆ ಅದು ದೇಹದ ಮರ್ಯಾದೆಯ ಪ್ರಶ್ನೆಯನ್ನೂ ಎತ್ತಿಕೊಂಡಿತು: ಬೆತ್ತಲೆಯಾಗಬೇಕಾದವರು ಸದಾ ನಮ್ಮ ತಾಯಂದಿರು, ನಮ್ಮ ಅಕ್ಕತಂಗಿಯರು ಮಾತ್ರ ಏಕೆ?

1986ರ ಮಾರ್ಚಿನಲ್ಲಿ ಈ ಪ್ರಶ್ನೆ ಚಂದ್ರಗುತ್ತಿಯ ದಾರಿಯಲ್ಲಿ ಭಕ್ತರಿಗೆ ಇದಿರಾಯಿತು. ಸೇವೆಯನ್ನು ತಡೆಯಲು ಹೋದ ಕಾರ್ಯಕರ್ತರ ಮೇಲೆಯೂ, ಬಂದೋಬಸ್ತಿಗೆ ನಿಂತಿದ್ದ ಪೊಲೀಸರ ಮೇಲೆಯೂ ಉದ್ರಿಕ್ತ ಗುಂಪು ಎರಗಿ, ಹಲವರ ಬಟ್ಟೆಯನ್ನು ಕಿತ್ತು ಬೆತ್ತಲೆ ನಡೆಸಿತು. ಸರ್ಕಾರ ಸೇವೆಯನ್ನು ನಿಷೇಧಿಸಿತು. ಆ ದಿನ ಎರಡು ಪಕ್ಷಗಳಲ್ಲಿಯೂ ನಿಂತವರಲ್ಲಿ ಅನೇಕರು ಒಂದೇ ಬಗೆಯ ಕೇರಿಗಳಿಂದ ಬಂದವರಾಗಿದ್ದರೆಂಬುದೇ ಈ ಘಟನೆಯ ಅತ್ಯಂತ ದುಃಖಕರವಾದ ಅಂಶ. ಒಬ್ಬರು ದೇವಿಗೆ ಕೊಟ್ಟ ಮಾತು ಮುರಿದರೆ ಮನೆಗೆ ಕೇಡೆಂದು ನಡುಗುತ್ತಿದ್ದರು. ಇನ್ನೊಬ್ಬರು ಆ ನಡುಕವೇ ದಾಸ್ಯದ ಬೇರೆಂದು ಬಲ್ಲವರಾಗಿದ್ದರು. ತೀರ್ಥಹಳ್ಳಿ ಸೀಮೆಯ ಮೇಳಿಗೆಯಲ್ಲಿ ಹುಟ್ಟಿದ ಯು. ಆರ್. ಅನಂತಮೂರ್ತಿಯವರು ಬೆತ್ತಲೆ ಪೂಜೆ ಯಾಕೆ ಕೂಡದೆಂದು ಕೇಳಿ ಬರೆದ ಪ್ರಬಂಧ, ಶ್ರದ್ಧೆಯ ಮುಂದೆ ವಿಚಾರವಂತನಿಗೆ ಒದಗುವ ಇಕ್ಕಟ್ಟನ್ನು ಕನ್ನಡದಲ್ಲಿ ಬಹುಕಾಲದ ಚರ್ಚೆಯಾಗಿಸಿತು. ನನ್ನ ಮಟ್ಟಿಗೆ, ನಿಷೇಧವು ನ್ಯಾಯವಾದುದೆಂದೇ ನಂಬಿದ್ದೇನೆ: ಭಕ್ತರ ಕಣ್ಣಿನಲ್ಲಿ ಪವಿತ್ರವಾಗಿದ್ದ ದೇಹ ನೋಡಬಂದವರ ಕಣ್ಣಿಗೂ ಕ್ಯಾಮೆರಾಕ್ಕೂ ಕೇವಲ ನೋಟದ ವಸ್ತುವಾಗಿತ್ತು, ಮನೆಯ ಹಿರಿಯರು ಹೊತ್ತ ಹರಕೆಯನ್ನು ತೀರಿಸಬೇಕಾದ ಹುಡುಗಿಗೆ ಒಲ್ಲೆನೆನ್ನುವ ದಾರಿಯೇ ಇರಲಿಲ್ಲ.

ಹಾಗಾದರೆ ಬೆತ್ತಲೆಯೇ ಅವಮಾನವೆ? ಚಂದ್ರಗುತ್ತಿಗೆ ಬಹು ದೂರವಲ್ಲದ ಶಿಕಾರಿಪುರ ತಾಲ್ಲೂಕಿನ ಉಡುತಡಿಯಲ್ಲಿ, 12ನೆಯ ಶತಮಾನದಲ್ಲಿ ಮಹಾದೇವಿಯೆಂಬ ತರುಣಿ ಹುಟ್ಟಿದಳು. ದೊರೆ ಕೌಶಿಕನು ಅವಳನ್ನು ಬಯಸಿದನೆಂದೂ, ಮೂರು ನಿಬಂಧನೆಗಳ ಮೇಲೆ ಅವಳು ಅರಮನೆಗೆ ಹೋದಳೆಂದೂ, ಅವನು ಅವನ್ನು ಮೀರಿದಾಗ ಉಟ್ಟುದನ್ನೂ ತೊರೆದು ಹೊರಟಳೆಂದೂ ಹರಿಹರನು ತನ್ನ ರಗಳೆಯಲ್ಲಿ ಹೇಳುತ್ತಾನೆ; ವಿವಾಹವೇ ನಡೆಯಲಿಲ್ಲವೆನ್ನುವ ಕವಿಗಳೂ ಉಂಟು. ಕಲ್ಯಾಣದಲ್ಲಿ ಅವಳನ್ನು ಕಠಿನವಾಗಿ ಪರೀಕ್ಷಿಸಿದ ಅಲ್ಲಮನೂ ಇದೇ ನೆಲದ ಬಳ್ಳಿಗಾವಿಯವನು. ಒಂದು ಜಿಲ್ಲೆ ಒಬ್ಬ ಬೆತ್ತಲೆಯವಳನ್ನು ಅಕ್ಕನೆಂದು ಪೂಜಿಸಿ, ಸಾವಿರಾರು ಬೆತ್ತಲೆಯರಿಗೆ ಪೊಲೀಸರನ್ನು ಕಳುಹಿಸಿತೆಂದರೆ ಅದರಲ್ಲಿ ವಿರೋಧವಿಲ್ಲ. ಮಹಾದೇವಿಯು ದೊರೆಯ ಒಡೆತನವನ್ನು ನಿರಾಕರಿಸಿ ವಸ್ತ್ರವನ್ನು ಕಳಚಿದಳು. ಹರಕೆಯ ಹುಡುಗಿಯ ವಸ್ತ್ರವನ್ನು ಅವಳ ಬಡತನವೂ ಭಯವೂ ಕಳಚಿದವು. ದೇಹ ಮುಚ್ಚಿದೆಯೋ ತೆರೆದಿದೆಯೋ ಎಂಬುದಕ್ಕಿಂತ, ಅದನ್ನು ನಿರ್ಧರಿಸಿದವರು ಯಾರೆಂಬುದೇ ಧರ್ಮದ ವಿಚಾರಣೆಯಲ್ಲಿ ಮೊದಲ ಪ್ರಶ್ನೆಯಾಗಬೇಕು.

ರೇಣುಕೆಯ ಕಥೆಗೆ ಇನ್ನೊಂದು ಕವಲಿದೆ. ತಾಯಿಯನ್ನು ಕೊಲ್ಲಲೊಲ್ಲದ ಉಳಿದ ಮಕ್ಕಳು ತಂದೆಯ ಶಾಪದಿಂದ ಪುರುಷತ್ವವನ್ನು ಕಳೆದುಕೊಂಡರಂತೆ. ಗಂಡಾಗಿ ಹುಟ್ಟಿ ಹೆಣ್ಣಾಗಿ ಬಾಳುವ ಜೋಗಪ್ಪಗಳು ತಮ್ಮ ಮೂಲವನ್ನು ಆ ಮಕ್ಕಳಲ್ಲಿ ಕಾಣುತ್ತಾರೆ. ತಾಯಿಯ ಮೇಲಿನ ಪ್ರೀತಿಯಿಂದ ಶಾಪಗ್ರಸ್ತರಾದವರ ವಂಶವೆಂಬ ಈ ಭಾವನೆಯಲ್ಲಿ ಎಂತಹ ಸಮಾಧಾನವಿದೆಯೆಂಬುದನ್ನು, ಮನೆಯಿಂದ ಹೊರದೂಡಲ್ಪಟ್ಟವನೇ ಬಲ್ಲನು. ಬಳ್ಳಾರಿ ಸೀಮೆಯ ಕಲ್ಲುಕಂಬದಲ್ಲಿ ಮಂಜುನಾಥನಾಗಿ ಹುಟ್ಟಿದ ಮಂಜಮ್ಮ ಜೋಗತಿಯವರಿಗೆ ಹುಲಿಗೆಮ್ಮನ ಸನ್ನಿಧಿಯಲ್ಲಿ ಉಡಿದಾರ ಕಡಿದು, ಮುತ್ತು ಕಟ್ಟಿ, ಬಳೆ ತೊಡಿಸಿ, ಸೀರೆ ಉಡಿಸಿದರು. ಆ ಕ್ಷಣದಿಂದ ಹೆತ್ತವರ ಮನೆಗೆ ಅವರು ಮಗನಾಗಿ ಉಳಿಯಲಿಲ್ಲ, ಮಗಳಾಗಿ ಸ್ವೀಕೃತರಾಗಲೂ ಇಲ್ಲ. ಅವರನ್ನು ಕಾಪಾಡಿದುದು ಹಿರಿಯ ಜೋಗತಿಯರ ಆಸರೆ, ಚೌಡಿಕೆಯ ನಾದ, ತಲೆಯ ಮೇಲೆ ಕೊಡ ಹೊತ್ತು ಆಡುವ ಜೋಗತಿ ನೃತ್ಯ. 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷೆಯಾದ ಅವರು, 2021ರಲ್ಲಿ ಪದ್ಮಶ್ರೀ ಸ್ವೀಕರಿಸುವಾಗ ರಾಷ್ಟ್ರಪತಿಯವರಿಗೆ ಸೆರಗಿನಿಂದ ದೃಷ್ಟಿ ತೆಗೆದುದನ್ನು ದೇಶವೇ ನೋಡಿತು. ಮನೆ ಕೊಡದ ಹೆಸರನ್ನು ದೇವಿ ಕೊಟ್ಟಳು, ನಿಜ. ಆದರೆ ದೇವಿಯ ಹೆಸರಿಲ್ಲದೆ, ದೇವಿಯ ಬುಟ್ಟಿಯಾದ ಪಡಲಿಗೆ ಹೊತ್ತು ಬೇಡದೆ, ಸಾಧಾರಣ ನಾಗರಿಕರಾಗಿ ಬಾಳುವ ದಾರಿಯನ್ನು ಸಮಾಜ ಅವರಂಥವರಿಗೆ ಬಹುಕಾಲ ತೆರೆಯಲಿಲ್ಲ.

ಕಾನೂನಿನ ಚರಿತ್ರೆಯೂ ಈ ಇಬ್ಬಗೆಯನ್ನೇ ತೋರುತ್ತದೆ. ಮೈಸೂರು ಸರ್ಕಾರ 1909ರಲ್ಲಿಯೇ ಮುಜರಾಯಿ ದೇವಾಲಯಗಳಲ್ಲಿ ದೇವದಾಸಿಯರ ಸೇವೆಯನ್ನು ನಿಲ್ಲಿಸಿತು. 1982ರ ಕರ್ನಾಟಕದ ಕಾಯಿದೆ ಹೆಣ್ಣುಮಕ್ಕಳನ್ನು ದೇವರಿಗೆ ಅರ್ಪಿಸುವುದನ್ನೇ ಅಪರಾಧವಾಗಿಸಿತು. ಇವು ರಕ್ಷಣೆಯ ಶಾಸನಗಳು. ಇನ್ನೊಂದೆಡೆ, 1860ರ ದಂಡಸಂಹಿತೆಯ 377ನೆಯ ಕಲಮು ಸಲಿಂಗ ಲೈಂಗಿಕ ಸಂಬಂಧವನ್ನು ಅಪರಾಧವೆಂದಿತು. 1871ರ ಅಪರಾಧಿ ಬುಡಕಟ್ಟುಗಳ ಕಾಯಿದೆ, ಮೊದಲು ಉತ್ತರ ಭಾರತದ ಪ್ರಾಂತ್ಯಗಳಲ್ಲಿ, ಹಿಜಡಾ ಸಮುದಾಯದವರ ಹೆಸರು ನೋಂದಾಯಿಸಿ, ಹೆಣ್ಣುಡುಗೆಯಲ್ಲಿ ಬೀದಿಗೆ ಬಂದುದಕ್ಕೇ ಶಿಕ್ಷೆ ವಿಧಿಸಿತು. ಆ ಅನುಮಾನದ ದೃಷ್ಟಿ ಎಷ್ಟು ದೀರ್ಘಾಯುವೆಂದರೆ, 2011ರಲ್ಲಿ ಕರ್ನಾಟಕ ಪೊಲೀಸ್ ಕಾಯಿದೆಗೆ ಸೇರಿಸಿದ 36ಎ ಕಲಮಿನಲ್ಲಿ ಅದೇ ನೋಂದಣಿಯ ಮಾತು ಮರಳಿ ಬಂದಿತು. ಬಳಿಕ 2014ರ ಏಪ್ರಿಲ್ 15ರಂದು ಸರ್ವೋಚ್ಚ ನ್ಯಾಯಾಲಯ ತೃತೀಯ ಲಿಂಗವನ್ನು ಮಾನ್ಯ ಮಾಡಿತು. 2018ರ ಸೆಪ್ಟೆಂಬರ್ 6ರಂದು ವಯಸ್ಕರ ಸಮ್ಮತಿಯ ಸಂಬಂಧವನ್ನು 377ರಿಂದ ಬಿಡಿಸಿತು. 2021ರಲ್ಲಿ ಕರ್ನಾಟಕ ತನ್ನ ಸರ್ಕಾರಿ ನೇಮಕಾತಿಗಳಲ್ಲಿ ಲಿಂಗತ್ವ ಅಲ್ಪಸಂಖ್ಯಾತರಿಗೆ ಶೇಕಡಾ 1ರಷ್ಟು ಮೀಸಲಾತಿ ನೀಡಿತು.

ಶಾಸನವು ಬಾಗಿಲ ಅಗುಳಿಯನ್ನು ತೆಗೆಯಬಲ್ಲುದು. ಒಳಗೆ ಕರೆಯಬೇಕಾದವರು ಮನೆಯವರೇ. ಭದ್ರಾವತಿಯ ಕಾರ್ಖಾನೆಯ ಸಂಬಳ ಒಂದು ತಲೆಮಾರಿಗೆ ಪ್ರಶ್ನಿಸುವ ಧೈರ್ಯ ಕೊಟ್ಟಿತೆಂಬುದನ್ನು ನೆನೆದರೆ, ಅನ್ನದ ದಾರಿಯಿಲ್ಲದೆ ಬರಿಯ ನಿಷೇಧವಾಗಲಿ ಬರಿಯ ಉಪದೇಶವಾಗಲಿ ಯಾರನ್ನೂ ಬಿಡುಗಡೆ ಮಾಡದೆಂಬುದು ಸ್ಪಷ್ಟವಾಗುತ್ತದೆ. ಕಾಗದದ ಕಾರ್ಖಾನೆ ನಿಂತು, ಉಕ್ಕಿನ ಕಾರ್ಖಾನೆ ಸೊರಗಿರುವ ಇಂದು, ಉದ್ಯೋಗದ ಪ್ರಶ್ನೆ ಆ ಊರಿನಲ್ಲಿ ಆತ್ಮಗೌರವದ ಪ್ರಶ್ನೆಯೂ ಹೌದು. ಹಾಗೆಯೇ, ಮಗನ ನಡೆಯಲ್ಲಿ ಹೆಣ್ತನ ಕಂಡ ತಾಯಿಗೆ, ಅನ್ಯ ಕುಲದವನನ್ನು ಒಲಿದ ಮಗಳ ತಂದೆಗೆ, ಶಿವಮೊಗ್ಗದ ಶಾಲೆಗಳೂ ಆಸ್ಪತ್ರೆಗಳೂ ದೇವಾಲಯಗಳೂ ಹೆದರಬೇಡಿರೆಂದು ಹೇಳುವಷ್ಟು ತಿಳಿವಳಿಕೆಯನ್ನು ಗಳಿಸಬೇಕಾಗಿದೆ. ದೇವಿಯನ್ನು ತವರಿಗೆ ಕರೆತಂದು ಮಡಿಲು ತುಂಬುವ ಸಂಸ್ಕೃತಿಗೆ, ಹೆತ್ತ ಮಕ್ಕಳನ್ನು ತವರಿನಿಂದ ಹೊರಗಟ್ಟುವ ಅಧಿಕಾರವಿಲ್ಲ. ಶ್ರದ್ಧೆ ಉಳಿಯಲಿ, ಜಾತ್ರೆ ನಡೆಯಲಿ, ಹರಕೆ ಹೊರುವವರು ಹೊರಲಿ. ಆದರೆ ಹರಕೆ ಹೊತ್ತವರ ಮೈಯಲ್ಲಿಯೇ ಅದು ತೀರಲಿ, ಇನ್ನೊಬ್ಬರ ಮೈಯಲ್ಲಿ ಬೇಡ. ಒಪ್ಪುವ ಹಕ್ಕನ್ನೂ ಒಲ್ಲೆನೆನ್ನುವ ಹಕ್ಕನ್ನೂ ತನ್ನ ಅತ್ಯಂತ ದುರ್ಬಲ ಸದಸ್ಯನಿಗೆ ಕೊಡಬಲ್ಲ ಸಮುದಾಯವೇ ತನ್ನ ದೇವರ ಹೆಸರನ್ನು ನಿರ್ಭಯವಾಗಿ ಹೇಳಿಕೊಳ್ಳಲು ಅರ್ಹವಾದುದು.