ಮಗಳು ಊಟ ಬಿಟ್ಟರೆ

ಹರೆಯದ ಕೆಲವು ಹುಡುಗಿಯರು ದಪ್ಪ ಆಗ್ತೀವಿ ಅಂತ ಊಟ ಬಿಡುತ್ತಾರೆ. ಒಣಗಿ ಕಡ್ಡಿಯಾದರೂ "ನಾನು ದಪ್ಪ" ಅಂತಾರೆ. ಹಟಮಾರಿ ಅಂತ ನಾವು ಬೈತೀವಿ. ಇದು ಹಟ ಅಲ್ಲ, ಕಾಯಿಲೆ. ಹೆಸರು ಅನೊರೆಕ್ಸಿಯಾ.

ನಮ್ಮ ಹೃದಯ, ಅಂದರೆ ಗುಂಡಿಗೆ, ಮಾಂಸಖಂಡವೇ. ಅನ್ನ ಸಿಗದಿದ್ದರೆ ಕೈಕಾಲಿನ ಹಾಗೆ ಅದೂ ಸೊರಗುತ್ತದೆ. ನಿಧಾನವಾಗಿ ಬಡಿಯುತ್ತದೆ. ಎದ್ದು ನಿಂತರೆ ಮಗಳಿಗೆ ತಲೆ ಸುತ್ತುತ್ತದೆ. ಅವಳ ಮಣಿಕಟ್ಟು ಹಿಡಿದು ನಾಡಿ ಎಣಿಸೋಣ. ಸುಮ್ಮನೆ ಕೂತಾಗ ನಿಮಿಷಕ್ಕೆ 60ರಿಂದ 100 ಸಲ ಬಡಿಯುವುದು ವಾಡಿಕೆ. ಹಗಲಲ್ಲೇ 50ಕ್ಕಿಂತ ಕಡಿಮೆ ಇದ್ದರೆ ಅಂದೇ ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋಗಬೇಕು. ಕದ್ದು ವಾಂತಿ ಮಾಡುತ್ತಿದ್ದರೆ ಇನ್ನೂ ಅಪಾಯ. ರಕ್ತದಲ್ಲಿ ಪೊಟ್ಯಾಸಿಯಂ ಎಂಬ ಲವಣ ಇಳಿದು ಬಡಿತ ತಪ್ಪುತ್ತದೆ. ಹೃದಯ ನಿಂತೇ ಹೋಗಬಹುದು.

ಗಾಬರಿಯಾಗಿ ಒಮ್ಮೆಗೇ ತುಂಬ ಉಣ್ಣಿಸಬಾರದು. ಸೊರಗಿದ ಹೃದಯ ಅದನ್ನು ತಾಳದು. ಡಾಕ್ಟರು ಹೇಳಿದಷ್ಟೇ ಕೊಟ್ಟು, ಸ್ವಲ್ಪಸ್ವಲ್ಪವೇ ಹೆಚ್ಚಿಸಬೇಕು. ತೂಕ ಏರಿದಂತೆ ಹೃದಯವೂ ಸಾಮಾನ್ಯವಾಗಿ ಚೇತರಿಸಿಕೊಳ್ಳುತ್ತದೆ.